ನೋಡುವವಳ ಕಾಲಂ

...ನಗ್ಬೇಡಿ ಅತ್ತಿಗೆ, ನಿಜವಾಗ್ಲೂ ಇಪ್ಪತ್ತಕ್ಕೆ ಹತ್ತೊಂಬತ್ತು! ಇಡೀ ಕ್ಲಾಸಲ್ಲಿ ನಂದೇ ಜಾಸ್ತಿ. ಮೇನ್ ಸಬ್ಜೆಕ್ಟ್ ಸ್ಟಾಟಿಸ್ಟಿಕ್ಸಲ್ಲಿ ಕುಂಟ್ಕೊಂಡು ಪಾಸಾಗೋಳು ನಾನು, ಸೈಡ್ ಸಬ್ಜೆಕ್ಟಲ್ಲಿ ಮಿಂಚ್ಬಿಟ್ಟೆ. ಸೋಷಿಯಾಲಜಿ ಯಾಕೆ ತಗೊಂಡೆ ಅಂತ ಅಣ್ಣ ರೇಗಿಸ್ತಿದ್ನಲ್ಲ? ಊಟದ ಜೊತೆ ನೆಂಚ್ಕೊಳ್ಳೋಕೆ ಏನಾದ್ರೂ ಇರ್ಲಿ ಅಂತ ತಗೊಂಡಿದ್ದು. ಈಗ ನೋಡಿ, ನೆಂಚ್ಕೊಂಡಿದ್ದೇ ಹೊಟ್ಟೆ ತುಂಬಿಸ್ತು.

ಪಾತ್ರೆ ತೊಳೀತಾನೇ ಕೇಳಿ, ಪರವಾಗಿಲ್ಲ. ನಾನಿಲ್ಲಿ ಸ್ಟೂಲ್ ಮೇಲೆ ಕೂತ್ಕೋತೀನಿ.

ಹೋದ ತಿಂಗಳು ರಜದಲ್ಲಿ ಒಂದು ವಾರ ನೋಟ್‌ಬುಕ್ ಹಿಡ್ಕೊಂಡು ನಿಮ್ಮೆಲ್ಲರ ಹಿಂದೆ ಸುತ್ತಿದ್ನಲ್ಲ, ಅದೇ ಪ್ರಾಜೆಕ್ಟು. ಮನೇಲಿರೋ ಒಬ್ಬೊಬ್ರಿಗೂ ಒಂದೊಂದು ಕಾಲಂ. ಹದಿನೈದು ನಿಮಿಷಕ್ಕೊಂದ್ಸಲ ಯಾರು ಏನ್ ಮಾಡ್ತಿದಾರೆ ಅಂತ ಬರೀಬೇಕು. ಅಪ್ಪನ ಕಾಲಂ ಓದಿದಾಗ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. 'ಪೇಪರ್, ಪೇಪರ್, ಕನ್ನಡಕ ಹುಡುಕಿದ್ದು, ಪೇಪರ್.' ಅಣ್ಣಂದು ಇನ್ನೂ ಚೆನ್ನಾಗಿದೆ. ಭಾನುವಾರ ಬಲ್ಬ್ ಬದಲಾಯಿಸ್ಬೇಕು ಅಂತ ಅವನು ಹೇಳಿದ್ದು ಮೂರು ಸಲ, ಬದಲಾಯಿಸಿದ್ದು ನೀವು. ...ಹ್ಞಾ, ಈಗ ನಗಿ, ಬೇಡ ಅನ್ನಲ್ಲ.

ನಿಮ್ಮ ಕಾಲಂಗೆ ಮಾತ್ರ ಹಾಳೆ ಸಾಲದೆ ಇನ್ನೊಂದು ಅಂಟಿಸ್ಬೇಕಾಯ್ತು. 'ಈ ಮನೆ ನಡೀತಿರೋದೇ ಇವರೊಬ್ಬರಿಂದ' ಅಂತ ಮೇಡಂ ಕೆಂಪು ಇಂಕಲ್ಲಿ ಬರೆದಿದಾರೆ. ನಂಗೆಷ್ಟು ಹೆಮ್ಮೆ ಆಯ್ತು ಗೊತ್ತಾ?

ಉಳಿದ ಒಂದು ಮಾರ್ಕಾ? ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಮನೇಲಿ ಐದು ಜನ, ಕಾಲಂ ನಾಲ್ಕೇ ಇದೆ ಅಂದ್ರು ಮೇಡಂ. 'ನೀನೆಲ್ಲಮ್ಮ? ನೀನೇನ್ ಮಾಡ್ತಿದ್ದೆ?' ಅಂತ. ನಾಳೆ ಬೆಳಿಗ್ಗೆ ನನ್ನ ಕಾಲಂ ತುಂಬಿ ಕೊಟ್ರೆ ಇಪ್ಪತ್ತಕ್ಕೆ ಇಪ್ಪತ್ತು. ನಿಮಗೆ ಎಲ್ಲಾ ನೆನಪಿರುತ್ತೆ. ಆ ವಾರ ನಾನೇನೇನ್ ಕೆಲಸ ಮಾಡ್ದೆ, ಹೇಳ್ತಾ ಹೋಗಿ, ಬರ್ಕೋತೀನಿ.

...ಹೋಗ್ಲಿ, ನಾನೇ ಶುರು ಮಾಡ್ತೀನಿ.

ಸೋಮವಾರ ಬಟ್ಟೆ ಒಣಗೋಕೆ ಹಾಕಿದ್ದು... ನೀವು. ಸರಿ. ಮಂಗಳವಾರ ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದು... ಅದೂ ನೀವೇ. ಬುಧವಾರ ಹಾಲು ಉಕ್ಕಿದಾಗ ನಾನು ಇಲ್ಲೇ ಇದ್ದೆ, ಚೆನ್ನಾಗಿ ನೆನಪಿದೆ. ಬರ್ದೂ ಇದೀನಿ. 'ಏಳೂಕಾಲು, ಹಾಲು ಉಕ್ಕಿತು.' ...ಒಲೆ ಆರಿಸ್ಬಹುದಿತ್ತು, ಒಪ್ಕೋತೀನಿ. ಆದ್ರೆ ನೋಡೋರು ನಡುವೆ ಕೈ ಹಾಕ್ಬಾರ್ದು ಅಂತ ರೂಲ್ಸು ಅತ್ತಿಗೆ. ಪುಸ್ತಕದಲ್ಲೇ ಇದೆ.

ಗುರುವಾರ ಬಿಡಿ. ಗುರುವಾರ ಏನೂ ಇರ್ಲಿಲ್ಲ. ಶುಕ್ರವಾರಕ್ಕೆ ಹೋಗೋಣ.

ಯಾಕೆ ಹಂಗೆ ನೋಡ್ತೀರಿ? ನೋಟ್‌ಬುಕ್ಕಾ? ಬೇಡ, ನನ್ನ ಕೋಳಿ ಕಾಲು ಅಕ್ಷರ ನಿಮಗೆ ಅರ್ಥ ಆಗಲ್ಲ. ಕೈ ಬೇರೆ ಒದ್ದೆ ಇದೆ ನಿಮ್ದು... ತಗೊಳ್ಳಿ. 'ಗುರುವಾರ, ಹತ್ತೂಕಾಲು, ಅತ್ತಿಗೆ: ಸ್ನಾನ.' ಅಷ್ಟೇ ಇರೋದು.

ಬೆರಳು ಯಾಕೆ ಮೇಲಕ್ಕೆ ಹೋಯ್ತು? ...ಹೌದು. 'ಬೆಳಿಗ್ಗೆ ಆರು ಗಂಟೆ, ಅತ್ತಿಗೆ: ಸ್ನಾನ.' ಅದೂ ನಾನೇ ಬರ್ದಿದ್ದು.

ಬೇಕಾದ್ರೆ ಬೈಯಿರಿ ಅತ್ತಿಗೆ.

ಎರಡನೇ ಸಲ ಸ್ನಾನಕ್ಕೆ ಹೋಗಿಲ್ಲ ಅಂತ ನಂಗೆ ಗೊತ್ತಿತ್ತು. ನಲ್ಲಿ ಜೋರಾಗಿ ಬಿಟ್ಕೊಂಡಿದ್ರಿ, ಆದ್ರೂ ನೀವು ಅಳೋದು ಕೇಳಿಸ್ತು. ನಾನು ಬಾಗಿಲ ಹೊರಗೇ ನಿಂತಿದ್ದೆ. ತಟ್ಟೋಕೆ ಕೈ ಎತ್ತಿದೆ. ಆಮೇಲೆ... ಗಡಿಯಾರ ನೋಡ್ಕೊಂಡೆ. ರೂಲ್ಸೂ ಇಲ್ಲ, ಎಂಥದೂ ಇಲ್ಲ ಅತ್ತಿಗೆ. ನೀವು ಬಾಗಿಲು ತೆಗೆದ್ರೆ ಏನ್ ಕೇಳ್ಬೇಕು ಅಂತ ಭಯ ಆಯ್ತು. ಅಳೋದಕ್ಕೆ ನನ್ನ ಪಟ್ಟೀಲಿ ಜಾಗ ಇರ್ಲಿಲ್ಲ, ಸ್ನಾನ ಅಂತ ಬರ್ದೆ. ಚಿಲಕದ ಸದ್ದಾದ ತಕ್ಷಣ ಮಹಡಿ ಮೆಟ್ಲು ಹತ್ತಿ ಓಡಿದೆ.

ಆ ವಾರವೆಲ್ಲ ನಾನು ಮಾಡಿದ್ದು ಅದೊಂದೇ.

ಇಲ್ಲ, ಬರ್ಕೊಳ್ಳಲ್ಲ. ಪೆನ್ ಕೆಳಗಿಟ್ಟೆ, ನೋಡಿ. ಹತ್ತೊಂಬತ್ತೇ ಸಾಕು. ಅವತ್ತು ಯಾಕೆ ಅಳ್ತಿದ್ರಿ?

...ನಲ್ಲಿ ತಿರುಗಿಸ್ಬೇಡಿ ಅತ್ತಿಗೆ. ಪಾತ್ರೆ ಎಲ್ಲಾ ತೊಳೆದಾಗಿದೆ.