ಅಮ್ಮನ ಅಡುಗೆಮನೆ ಎಳೆಯುವ ಗಾಡಿ

ಅಮೆರಿಕದ ಲೊಂಬಾರ್ಡ್‌ನ ಕಾರ್ ಶೋರೂಮಿನಲ್ಲಿ, ತನ್ನ ಗಾಡಿಯ ಆಯಿಲ್ ಬದಲಿಸುವವರೆಗೆ ಪೇಪರ್ ಓದುತ್ತ ಕೂತಿದ್ದ ದಾವಣಗೆರೆಯ ಹಸ್ನೈನನಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಮೈಸೂರು ಕಡೆಯ ಗಂಡ ಹೆಂಡತಿ. ತಿರುಗಿ ನೋಡಿದರೆ ಎಲ್ಲಿ ಮಾತು ನಿಂತುಬಿಡುತ್ತದೋ ಎಂದು ಅವನು ತಲೆ ಎತ್ತಲಿಲ್ಲ.

"ಮಿನಿವ್ಯಾನ್ ಎಳೆಯೋದು ಮೂರೂವರೆ ಸಾವಿರ ಪೌಂಡ್ ತೂಕ ಅಷ್ಟೇ ಕಣೇ. ಅಡುಗೆಮನೆ, ಹಾಸಿಗೆ ಎಲ್ಲಾ ಇರೋ ನಮ್ಮ ಟ್ರೈಲರ್ ಖಾಲಿ ಇದ್ರೇನೇ ಮೂರು ಸಾವಿರ."

"ಇನ್ನೂ ಐನೂರು ಉಳೀತಲ್ಲ."

"ನೀರು, ಗ್ಯಾಸು, ಲಗೇಜು. ಆಮೇಲೆ ಅಮ್ಮನ ಗ್ರೈಂಡರು."

"ಯೆಲ್ಲೋಸ್ಟೋನ್ ಪಾರ್ಕ್ ನೋಡಕ್ಕೆ ಹೋಗಿ ದೋಸೆಗೆ ರುಬ್ಬಬೇಕೇನ್ರೀ?"

"ಅಮ್ಮ ಹೊರಗಡೆ ನೀರೂ ಮುಟ್ಟಲ್ಲ. ಮಡೀಲಿ ಮಾಡ್ಕೊಂಡು ತಿನ್ನಲಿ ಅಂತಾನೇ ಅಲ್ವಾ ಟ್ರೈಲರ್ ತಗೊಂಡಿದ್ದು? ಪಿಕಪ್ ಟ್ರಕ್ಕೇ ನೋಡೋಣ."

"ನೋಡಿ. ಒಲೆ ಪಕ್ಕದಲ್ಲೇ ಟಾಯ್ಲೆಟ್ ಇದೆ ಅಂತ ಅತ್ತೆಗೆ ಹೇಳಿದೀರಾ?"

ಹಸ್ನೈನ್ ಪುಟ ತಿರುಗಿಸುವುದನ್ನು ಮರೆತ.

"ಎಷ್ಟು ಪಕ್ಕ?"

"ಅಲ್ಲಿ ಕೂತ್ಕೊಂಡೇ ಒಗ್ಗರಣೆ ಹಾಕಬಹುದು."



"ಟಾಯ್ಲೆಟ್ ಕಿತ್ತು ಹಾಕಿಸ್ತೀನಿ. ತೂಕಾನೂ ಕಮ್ಮಿ ಆಗತ್ತೆ."

"ಅತ್ತೆಗೆ ಶುಗರು. ಗಂಟೆಗೊಂದ್ಸಲ ಹೋಗ್ಬೇಕು. ಊರವರೆಲ್ಲ ಹೋಗೋ ಕಡೆ ಹೋಗ್ತಾರಾ?"

ಅಷ್ಟರಲ್ಲಿ ಸೇಲ್ಸ್‌ಮನ್ ಕೈಬೀಸಿ ಕರೆದ. ಗಂಡ ಎದ್ದ.

"ಇರು, ಒಂದೇ ಗಾಡಿಗೆ ಎರಡು ಟ್ರೈಲರ್ ಕಟ್ಟಬಹುದಾ ಕೇಳ್ತೀನಿ."

ಹೆಂಡತಿ ಈಗ ನಗುತ್ತಾಳೆ ಎಂದು ಹಸ್ನೈನ್ ಕಾದ. ಆಕೆ ಹ್ಯಾಂಡ್‌ಬ್ಯಾಗ್ ಎತ್ತಿಕೊಂಡು ಗಂಡನ ಹಿಂದೆಯೇ ನಡೆದಳು.

"ಅಡುಗೆಮನೇದು ಮುಂದಿರಲಿ ಅಂತ ಹೇಳಿ."