ಬಾಲದ ನಂಬರು

ಕಣ್ಣಾಸ್ಪತ್ರೆಯಲ್ಲಿ ತಾಯಿಯ ಸರದಿಗೆ ಕಾಯುತ್ತಿದ್ದ ದರ್ಜಿ ಹೆಂಗಸಿನ ಪಕ್ಕ, ಕಿಟಕಿಗೆ ಒತ್ತಿಕೊಂಡು ಭಾವ, ಭಾಮೈದ ಇಬ್ಬರು ಕೂತಿದ್ದರು. ಭಾವನ ಎರಡು ಕಣ್ಣಿಗೂ ಪಟ್ಟಿ ಕಟ್ಟಿತ್ತು. ಬಾಯಿಗೆ ಮಾತ್ರ ಯಾರೂ ಕಟ್ಟಿರಲಿಲ್ಲ.

“ಏನೋ ಅದು, ಹೊರಗೆ ಗುಂಯ್ ಅನ್ನೋದು?”

“ಡ್ರೋನ್, ಭಾವ. ಎದುರು ಕಟ್ಟಡದ ಫೋಟೋ ತೆಗೀತಿದ್ದಾರೆ.”

“ಥೂ, ಸೊಳ್ಳೆ! ಅದಕ್ಕೆ ಕತ್ತೆತ್ತೋದೂ ದಂಡ.”

“ಮೊನ್ನೆ ಹೆಲಿಕಾಪ್ಟರಿಗೂ ಹೀಗೇ ಅಂದ್ರಿ.”

“ಮತ್ತಿನ್ನೇನು? ಅದು ಹಾರೋದಲ್ಲ ಕಣೋ, ಗಾಳಿ ಜೊತೆ ಜಗಳ ಆಡೋದು.”

“ನಮ್ಮ ಚಿಕ್ಕಪ್ಪನ ಮಗ ಹದಿನೈದು ಗಂಟೆ ವಿಮಾನದಲ್ಲಿ ಬಂದ. ಅವನನ್ನಾದ್ರೂ ಮೆಚ್ಚಬಹುದಿತ್ತು.”

“ಆ ದಂಡಪಿಂಡನ್ನ? ಕಿಟಕಿ ಪಕ್ಕದ ಸೀಟಲ್ಲಿ ಗೊರಕೆ ಹೊಡ್ಕೊಂಡು ಬಂದವನು! ಯಾವ ವಿಮಾನ ಅಂತ ಕೇಳಿದ್ರೆ ಫೋನಲ್ಲಿ ಟಿಕೆಟ್ ತೆಗೆದು ತೋರಿಸ್ತಾನೆ. ವಿಮಾನದ ಬಾಲದ ಮೇಲೆ ಬರೆದಿರೋ ನಂಬರ್ ಕಣ್ಣಾರೆ ಓದಿ, ನನ್ನ ಹಾಗೆ ಪುಸ್ತಕದಲ್ಲಿ ಬರ್ಕೊಂಡ್ರೆ ಮಾತ್ರ ನೋಡಿದ ಹಾಗೆ.”

“ಇವತ್ತು ಪಟ್ಟಿ ಬಿಚ್ಚಲಿ, ನೀವೇ ಓದುವಿರಂತೆ.”

“ಡಾಕ್ಟರೇ ಖಾತ್ರಿ ಕೊಡ್ಲಿಲ್ಲ. ನೀನ್ಯಾವ ಸೀಮೆ ವೈದ್ಯನೋ?”

ಅಷ್ಟರಲ್ಲಿ ಛಾವಣಿಯ ಮೇಲೆ ಭಾರವಾದ ಸದ್ದು ಉರುಳಿ ಬಂತು. ಭಾವ ಎದ್ದು ನಿಂತೇಬಿಟ್ಟರು.

“ನಾಲ್ಕು ಇಂಜಿನ್ನಿಂದು! ಈಗ ಎಲ್ಲಿ ಬರ್ತವೆ ಇಂಥವು! ಓದೋ ನಂಬರ್, ಬೇಗ!”

ದರ್ಜಿ ಹೆಂಗಸೂ ಕತ್ತೆತ್ತಿದಳು. ತಿಳಿಯಾದ ಆಕಾಶದಲ್ಲಿ ವಿಮಾನ ತೀರ ಕೆಳಗೆ ಹಾದುಹೋಯಿತು. ಬಾಲದ ನಂಬರು ಅವಳಿಗೂ ಸಲೀಸಾಗಿ ಕಾಣಿಸಿತು.

“ಮೋಡ ಅಡ್ಡ ಬಂತು, ಭಾವ,” ಎಂದ ಭಾಮೈದ. “ನನಗೂ ಕಾಣಲಿಲ್ಲ.”

ನರ್ಸ್ ಬಾಗಿಲಿಗೆ ಬಂದು, ಪಟ್ಟಿ ಬಿಚ್ಚಿಸುವವರು ಒಳಗೆ ಬನ್ನಿ ಎಂದಳು. ಭಾವ ತಡಕಾಡಿ ಭಾಮೈದನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಬಿಸಿಲು ಮುಖ ಸುಡ್ತಿದೆ, ಮೋಡ ಅಂತೆ ಮೋಡ! ಒಂದು ಸುಳ್ಳನ್ನೂ ನೆಟ್ಟಗೆ ಹೇಳೋಕೆ ಬರಲ್ಲ ನಿನಗೆ. ನಡಿ.”