ಓಗೊಟ್ಟವಳು

ಸಂಜೆ ನಾಲ್ಕರ ಹೊತ್ತಿಗೆ ಮಳೆ ಹಿಡಿಯಿತು. ನಾವು ಅಗೆಯುತ್ತಿದ್ದ ಕೃಷಿ ಹೊಂಡ ಎಂಟು ಅಡಿ ಇಳಿದಿತ್ತು. ಜೆಸಿಬಿ ಕೆಸರಿನಲ್ಲಿ ಹೂತುಹೋದರೆ ಎತ್ತುವವರು ಯಾರೆಂದು ಅದನ್ನು ಮೇಲೆ ಹತ್ತಿಸಿ ನಿಲ್ಲಿಸಿದೆ. ಮಣ್ಣು ಸಾಗಿಸುವ ಟಿಪ್ಪರಿನವನು, ಮಟ್ಟ ನೋಡುವ ಮೇಸ್ತ್ರಿ, ನಾನು, ಮೂವರೂ ಹೊಲದಂಚಿನ ಮನೆಯ ಜಗಲಿಗೆ ಓಡಿದೆವು. ಹೊಂಡ ತೆಗೆಸುತ್ತಿದ್ದ ಮನೆಯಾಕೆ ಟೀ ಕಾಯಿಸಲು ಒಳಗೆ ಹೋದರು. ಜಗಲಿಯ ಕುರ್ಚಿಯಲ್ಲಿ ಅವರ ಮುದಿ ತಾಯಿ ಕಂಬಳಿ ಹೊದ್ದು ಕೂತಿದ್ದರು. ತಾಯಿ ಎಂದೇ ನಾವು ತಿಳಿದಿದ್ದೆವು.

"ಸಾಕ್ಷಿ ಎಲ್ಲಿ ಬಿಟ್ಟಿದ್ದೀರಪ್ಪ?" ಎಂದರು ಅಜ್ಜಿ.

ನಮಗೆ ಆಶ್ಚರ್ಯವಾಯಿತು. ಎಷ್ಟು ಆಳ ಅಗೆದೆವೆಂದು ಅಳೆಯಲು ಹೊಂಡದ ನಡುವೆ ಮುಟ್ಟದೆ ಬಿಡುವ ಮಣ್ಣಿನ ಕಂಬಕ್ಕೆ ನಾವು ಸಾಕ್ಷಿ ಎನ್ನುತ್ತೇವೆ. ಅದು ಅಗೆಯುವವರ ಮಾತು, ಅಜ್ಜಿಯರದ್ದಲ್ಲ. ಅಳತೆ ಮುಗಿದ ಮೇಲೆ ಕಡಿದುಹಾಕುತ್ತೇವೆ ಎಂದ ಮೇಸ್ತ್ರಿ. ಅಜ್ಜಿ ನಮ್ಮನ್ನು ಹತ್ತಿರಕ್ಕೆ ಕರೆದರು. ತಗಡಿನ ಮೇಲೆ ಮಳೆ ಎಷ್ಟು ಬಡಿಯುತ್ತಿತ್ತೆಂದರೆ ಬಗ್ಗಿ ಕೂತರಷ್ಟೇ ಅವರ ಮಾತು ಕೇಳುತ್ತಿತ್ತು.

"ದೆವ್ವ ಅಂದ್ರೆ ಬಿಳಿ ಸೀರೆ, ಬಿಚ್ಚಿದ ಕೂದಲು ಅಂದ್ಕೊಂಡಿದ್ದೀರೇನು? ಅದೆಲ್ಲ ಮಕ್ಕಳನ್ನ ಹೆದರ್ಸೋಕೆ. ನಾನು ಕಣ್ಣಲ್ಲಿ ಏನೂ ಕಂಡವಳಲ್ಲ... ಕಿವಿಯಲ್ಲಿ ಕೇಳಿದವಳು.

"ನನಗೊಬ್ಬಳು ಓರಗಿತ್ತಿ ಇದ್ಲು, ಮೈದುನನ ಹೆಂಡತಿ. ಜಮೀನು ಪಾಲಾದಾಗ ಬದು ಒಂದೇ, ಆ ಕಡೆ ಅವಳು, ಈ ಕಡೆ ನಾನು. ನನಗೆ ಮಕ್ಕಳಾಗ್ಲಿಲ್ಲ, ಅವಳಿಗೆ ಮದುವೆಯಾದ ವರ್ಷಕ್ಕೇ ಒಂದು ಹೆಣ್ಣುಮಗು, ಮುದ್ದಾದದ್ದು, ಅದು ನನ್ನನ್ನ 'ದೊಡ್ಡಮ್ಮಾ' ಅಂತ ಕೂಗ್ತಾ ಬದು ದಾಟಿ ಓಡಿ ಬರೋದು. ಆ 'ದೊಡ್ಡ' ಅನ್ನೋದು ನನ್ನ ಎದೆಗೆ ಮುಳ್ಳು ಚುಚ್ಚಿದ ಹಾಗೆ... ಅಷ್ಟು ಸಾಲದು ಅಂತ ಯಂತ್ರ ತರಿಸಿ ಹೊಂಡ ತೆಗೆಸಿದ್ಲು. ಹದಿನೈದು ದಿನ ಹೋಗೋರು ಬರೋರೆಲ್ಲ ಅವಳ ಬದುವಿನ ಮೇಲೇ! ನಮ್ಮ ಯಜಮಾನರೂ ಹೋಗಿ ಕೈಕಟ್ಟಿ ನಿಂತು, ಭೇಷ್ ಅಂದು ಬಂದ್ರು. ಹೊಟ್ಟೆ ಉರೀದೆ ಇರುತ್ತಾ, ನೀವೇ ಹೇಳಿ?

"ಅವಳು ಜಾಣೆ. ಸಾಕ್ಷೀನ ಪೂರ್ತಿ ಕಡಿಸ್ಲಿಲ್ಲ, ತನ್ನ ಎದೆಮಟ್ಟಕ್ಕೆ ಉಳಿಸ್ಕೊಂಡ್ಲು. ಅದರ ತಲೆ ಕಾಣ್ತಿದ್ರೆ ನೀರು ಎದೆಗಿಂತ ಕೆಳಗಿದೆ, ಇಳೀಬಹುದು. ತಲೆ ಮುಳುಗಿದ್ರೆ ಯಾರೂ ಇಳೀಬಾರದು. ಮನೇಲಿ ಅದೇ ಕಟ್ಟಳೆ. ಮೊದಲ ಮಳೆಗೇ ಸಾಕ್ಷಿ ಮುಳುಗುತ್ತೆ ನೋಡ್ತಿರಿ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ಲು.

"ಮುಳುಗಿದ್ದು ಕಂಡ್ರೆ ಊರೇ ಹೊಗಳುತ್ತಲ್ಲ... ಅದೊಂದು ನನ್ನಿಂದ ಸಹಿಸೋಕಾಗ್ಲಿಲ್ಲ. ಅವರೆಲ್ಲ ನೆಂಟರ ಮನೆಗೆ ಹೋದ ಮಧ್ಯಾಹ್ನ ಒಣ ಹೊಂಡಕ್ಕೆ ಇಳಿದೆ. ಸಾಕ್ಷಿಯ ತಲೆ ಮೇಲೆ ಕಲ್ಲು ಜೋಡಿಸಿ, ಜೇಡಿಮಣ್ಣು ಮೆತ್ತಿ, ಒಂದು ತೋಳುದ್ದ ಏರಿಸಿದೆ. ಎಷ್ಟು ಮಳೆ ಬಂದ್ರೂ ಅದರ ತಲೆ ಕಾಣ್ತಿರಬೇಕು, ಇನ್ನೂ ತುಂಬಿಲ್ಲ ಅಂತ ಜನ ಮೂಗು ಮುರೀಬೇಕು. ಅಷ್ಟೇ ನನಗೆ ಬೇಕಿದ್ದದ್ದು... ಅಷ್ಟೇ.

"ಅವರು ತಿರುಗಿ ಬರೋ ಮೊದಲೇ ಮಳೆ ಬಂತು. ಹೊಂಡ ತುಂಬ್ತು. ಸಾಕ್ಷಿ ತಲೆ ಎತ್ಕೊಂಡೇ ನಿಂತಿತ್ತು. ಒಂದು ಬೆಳಿಗ್ಗೆ ಅವಳ ಕೊಡ ಕೈಜಾರಿ ತೇಲಿಹೋಯ್ತು. ಸಾಕ್ಷಿ ಕಾಣ್ತಿದೆಯಲ್ಲ ಅಂತ ಸೆರಗು ಸಿಕ್ಕಿಸ್ಕೊಂಡು ಇಳಿದ್ಲು. ದಡದಲ್ಲಿ ಮಗು. 'ಅಮ್ಮಾ' ಅಂತು. ನೀರಿಂದ 'ಓ' ಅಂದ್ಲಂತೆ... ಆಮೇಲೆ ಅಷ್ಟು ಕರೆದ್ರೂ ಓಗೊಡ್ಲಿಲ್ಲ. ಎದೆಮಟ್ಟದ ನೀರಲ್ಲಿ ಹೇಗೆ ಮುಳುಗಿದ್ಲು ಅಂತ ಎಲ್ಲರೂ ತಲೆ ಕೆಡಿಸ್ಕೊಂಡ್ರು. ನೀರು ಇಳಿದ ಕೂಡ್ಲೇ ಹೋಗಿ ಆ ಕಲ್ಲು ಕಿತ್ತೆಸೆದವಳೂ ನಾನೇ. ನನ್ನ ಗಂಡನಿಗೂ ಗೊತ್ತಾಗ್ಲಿಲ್ಲ.

"ಮೈದುನ ಮಗೂನ ನನ್ನ ಮಡಿಲಿಗೆ ಹಾಕಿ ಊರು ಬಿಟ್ಟ. ಪಾಪ ಮಾಡಿದವಳಿಗೆ ಬಯಸಿದ್ದೇ ಸಿಕ್ತು ನೋಡಿ! ಅಳಬೇಕಾದ ಹೊತ್ತಲ್ಲಿ ನನಗೆ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ದಿನಾ ಕೂರಿಸ್ಕೊಂಡು ಹೇಳಿಕೊಟ್ಟೆ, ದೊಡ್ಡಮ್ಮ ಅಲ್ಲ ಪುಟ್ಟಿ, ಅಮ್ಮ ಅನ್ನು. ಆರು ತಿಂಗಳು ಹಟ ಮಾಡ್ತು. ಒಂದು ದಿನ ನಾನು ಬಟ್ಟೆ ಒಣಗಿಸ್ತಿದ್ದಾಗ ಬೆನ್ನ ಹಿಂದೆ ಬಂದು 'ಅಮ್ಮಾ' ಅಂತು. ಬಟ್ಟೆ ಕೈಬಿಟ್ಟು ತಿರುಗಿದೆ. ಓ ಅನ್ನೋಕೆ ಬಾಯಿ ತೆರೆದೆ...

"ಹೊಂಡದಿಂದ ಬಂತು, 'ಓ' ಅಂತ. ಅವಳದೇ ದನಿ. ಮಗು ನನ್ನ ಕಡೆ ತಿರುಗಿಯೂ ನೋಡ್ಲಿಲ್ಲ, ನೀರಿನ ಕಡೆ ಮುಖ ಮಾಡಿ ಹಸಿವಾಗ್ತಿದೆ ಅಂತು.

"ಆಮೇಲೆ ದಿನಾ ಅದೇ. ಎಷ್ಟು ಬೇಗ ಬಾಯಿ ತೆರೆದ್ರೂ ಅವಳು ನನಗಿಂತ ಮೊದಲು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡೋದು ಹೇಗಿರುತ್ತೆ ಗೊತ್ತೇನ್ರಪ್ಪ? ಬದುಕಿದ್ದವಳಿಗಿಂತ ಹೆಚ್ಚು ಉರಿಸಿದ್ಲು. ಕೊನೆಗೆ ಯಜಮಾನರನ್ನ ಕಾಡಿಬೇಡಿ, ನಿಮ್ಮಂಥದ್ದೇ ಯಂತ್ರ ತರಿಸಿ ಹೊಂಡ ಮುಚ್ಚಿಸಿದೆ, ನೆಲ ಸಮ ಮಾಡಿಸಿದೆ. ಮಾರನೇ ದಿನ ಮಗು ಅಂಗಳದಲ್ಲಿ ನಿಂತು 'ಅಮ್ಮಾ' ಅಂತು. ಹೊಂಡದ ಕಡೆಯಿಂದ ಸದ್ದಿಲ್ಲ. ಗೆದ್ದೆ ಅಂದ್ಕೊಂಡೆ... 'ಓ' ಅಂತ ಮನೆ ಒಳಗಿಂದ ಬಂತು."

ಟಿಪ್ಪರಿನವನು ಕಾಲು ಮೇಲೆಳೆದುಕೊಂಡು ಕೂತ. ಆ ಮಗು ಈಗ ಎಲ್ಲಿದ್ದಾಳೆ ಎಂದು ನಾನು ಕೇಳಿದೆ. ಅಜ್ಜಿ ಒಳಬಾಗಿಲ ಕಡೆ ಗದ್ದ ಎತ್ತಿ ತೋರಿಸಿದರು. ಮಳೆ ಸ್ವಲ್ಪ ಇಳಿದಿತ್ತು.

"ಅಮ್ಮಾ..." ಎಂದು ಅಡುಗೆಮನೆಯಿಂದ ಮನೆಯಾಕೆ ಕರೆದರು.

ಅಜ್ಜಿ ತುಟಿ ಬಿಗಿಹಿಡಿದು ಸುಮ್ಮನೆ ಕೂತರು. ನಮಗೆ ಏನೂ ಕೇಳಿಸಲಿಲ್ಲ. ಒಳಗೆ ಲೋಟ ಜೋಡಿಸುವ ಸದ್ದು ಮತ್ತೆ ಶುರುವಾಯಿತು, ಮನೆಯಾಕೆ ಯಾರೊಂದಿಗೋ ಸಣ್ಣಗೆ ಮಾತಾಡುತ್ತಿದ್ದರು.

"ಓಗೊಡದಿದ್ರೆ ಯಾರಾದ್ರೂ ಇನ್ನೊಂದು ಸಲ ಕರೀತಾರೆ, ಅಲ್ವೇನ್ರಪ್ಪ?" ಎಂದರು ಅಜ್ಜಿ. "ನಲವತ್ತು ವರ್ಷ ಆಯ್ತು... ಇವಳು ಒಂದು ದಿನಾನೂ ಎರಡನೇ ಸಲ ಕರೆದಿಲ್ಲ."